ಹುಳದ ಮನೆಗೆ ಬಂದ ವರ

ನನ್ನನ್ನು ನೋಡಲು ಬಂದ ಹುಡುಗನನ್ನು ಬಾಗಿಲಲ್ಲೇ ತಡೆದವಳು ನಾನು. ಸುದ್ದಗುಂಟೆಪಾಳ್ಯದವರು ವರ್ಷಗಟ್ಟಲೆ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ಅರವತ್ತೊಂದನೆಯ ಇಸವಿ. ನಡುಮನೆಯ ತುಂಬ ರೇಷ್ಮೆಹುಳುಗಳ ಬಿದಿರು ತಟ್ಟೆಗಳು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುವ ಹುಳುಗಳು, ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೇಕು. ಘಾಟು ತಗುಲಿದರೆ ಮೇವು ಬಿಡುತ್ತವೆಂದು ನಮ್ಮಲ್ಲಿ ಒಗ್ಗರಣೆಯೂ ಬಂದ್, ಮಲ್ಲಿಗೆಯೂ ಬಂದ್.

ಅಂಥ ದಿನ ಹನುಮಂತನಗರದಿಂದ ತಿರುಮಲೇಶ ತಾಯಿಯ ಜೊತೆ ಬಂದರು. ನಗುವ ಕಣ್ಣು. ನೋಡಿದ ಕೂಡಲೇ ಇಷ್ಟವಾದರು, ಸುಳ್ಳೇಕೆ ಹೇಳಲಿ. ಆದರೆ ತಲೆಗೆ ಘಮಘಮ ಸೆಂಟಿನ ಎಣ್ಣೆ.

"ಅಲ್ಲೇ ನಿಂತ್ಕೊಳ್ಳಿ," ಎಂದೆ. "ಆ ವಾಸನೆಗೆ ನಮ್ಮ ಹುಳ ಸೊಪ್ಪು ಮುಟ್ಟಲ್ಲ."

ಅಪ್ಪ ಹಣೆ ಚಚ್ಚಿಕೊಂಡರು. ಹುಡುಗನ ತಾಯಿ ಲಕ್ಷ್ಮಿದೇವಮ್ಮ ನನ್ನ ಬೋಳು ಜಡೆ ನೋಡಿ ಮುಖ ಸಿಂಡರಿಸಿದರು.

"ಹೂವಿಲ್ಲದ ಜಡೆ, ಬಾಗಿಲಲ್ಲೇ ಅಡ್ಡ. ನಡಿಯಪ್ಪ, ಈ ಸಂಬಂಧ ಬೇಡ."

ಹೋಗಿಯೇಬಿಟ್ಟರೆ? ಆದರೂ ಬಾಗಿಲು ಬಿಡಲಿಲ್ಲ.

ತಿರುಮಲೇಶ ನನ್ನನ್ನೇ ನೋಡುತ್ತ ಅಂಗಿಯ ತೋಳು ಮಡಚಿದರು. "ಸ್ವಲ್ಪ ಸೀಗೆಪುಡಿ ಕೊಡ್ತೀರಾ?"

ಬಾವಿಕಟ್ಟೆಯಲ್ಲಿ ತಲೆ ತಿಕ್ಕಿ ತೊಳೆದು, ನೀರು ಸೋರಿಸಿಕೊಂಡು ಬಂದು ನನ್ನೆದುರು ಬಗ್ಗಿದರು. "ಈಗ ಮೂಸಿ ನೋಡಿ."

ಅಪ್ಪನ ಎದುರೇ! ನನ್ನ ಕಿವಿಯೆಲ್ಲ ಬಿಸಿಯಾಯಿತು. "ಸಾಕು, ಬನ್ನಿ."

ಒಳಗೆ ಬಂದವರು ಕೈತುಂಬ ಸೊಪ್ಪು ಹರಡಿದರು. "ಅಬ್ಬಾ, ಇಷ್ಟು ತಿಂತಾವಾ?"

"ಮೊದಲ ಸಲ ಬಂದ ಅಳಿಯನ ಥರ," ಎಂದವಳು ನಾಲಿಗೆ ಕಚ್ಚಿಕೊಂಡೆ.

ಅವರು ನಕ್ಕರು. "ನಿಮಗೆ ಹೂವು ಯಾವಾಗ ತರ್ಲಿ?"

"ಗೂಡು ಬಿಡಿಸೋ ದಿನ. ಇವತ್ತಿಗೆ ಹತ್ತು ದಿನ. ನಿಮ್ಮಮ್ಮ ಬಿಟ್ರೆ."

ಲಕ್ಷ್ಮಿದೇವಮ್ಮ ಕಾಫಿಯನ್ನೂ ಮುಟ್ಟದೆ ಮಗನನ್ನು ಕರೆದುಕೊಂಡು ಹೋದರು. ಹುಳು ನಾಲ್ಕು ದಿನ ತಿಂದು ಗೂಡು ಕಟ್ಟಿದವು, ನನಗೆ ಹತ್ತು ದಿನವೂ ಊಟ ಸೇರಲಿಲ್ಲ.

ಹತ್ತನೆಯ ದಿನ ಜಗಲಿಯಲ್ಲಿ ಕೂತು ಗೂಡು ಬಿಡಿಸುತ್ತಿದ್ದೆ. ಬೇಲಿಯಾಚೆ ಲಕ್ಷ್ಮಿದೇವಮ್ಮ ಬಂದು ನಿಂತರು. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಒಳಗೆ ಬರ್ಬಹುದೇನಮ್ಮ? ಮಲ್ಲಿಗೆ ಇದೆ."

ಅವರ ಹಿಂದೆ ತಿರುಮಲೇಶ. ಒಣಗಿದ ಕೂದಲು ದಿಕ್ಕಿಗೊಂದರಂತೆ ಎದ್ದು ನಿಂತಿತ್ತು.

"ಹತ್ತು ದಿನದಿಂದ ಎಣ್ಣೆ ಮುಟ್ಟಿಲ್ಲ ಇವ್ನು," ಎಂದರು ಲಕ್ಷ್ಮಿದೇವಮ್ಮ. "ಬೇಗ ಮುಡ್ಕೊಳಮ್ಮ. ನನ್ನ ಮಗನ ತಲೆ ಎಣ್ಣೆ ಕಾಣ್ಲಿ."

ಗೂಡಿನ ಮಂಕರಿ ಪಕ್ಕಕ್ಕಿಟ್ಟು ಎದ್ದೆ.

"ಬನ್ನಿ ಅತ್ತೆ," ಎಂದೆ.