ಅಕ್ಕನಿಗೆ ಹಾಕಿದ ಕುರ್ಚಿ

ಹೊಲಿಗೆ ಮಿಷನ್ ರಿಪೇರಿಗೆ ಬಂದವನು ಟೋಪಿ ತೆಗೆಯುವ ಮೊದಲೇ ಅವಳಿಗೆ ಗುರುತು ಸಿಕ್ಕಿತು. ಬೇರೆಯವರು ಮಿಷನ್ನನ್ನು ನೋಡುತ್ತಾರೆ. ಇವನು ಚಕ್ರವನ್ನು ಮೆಲ್ಲಗೆ ತಿರುಗಿಸಿ, ಕಣ್ಣು ಮುಚ್ಚಿ, ಕೇಳುತ್ತಾನೆ. ಊರು ಬಿಟ್ಟು ಹೋದವನು ಇಷ್ಟು ವರ್ಷಗಳ ಮೇಲೆ ಮರಳಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು, ಮೀಸೆ ಇರಲಿಲ್ಲ, ಅಷ್ಟೇ.

"ಏನಂತೆ ಅದರ ಗೋಳು?" ಎಂದಳು.

"ದಾರದ ಬಿಗಿ ಜಾಸ್ತಿ. ಯಾರೋ ಹಟಮಾರಿ ಹೊಲೀತಾರೆ ಅನ್ಸುತ್ತೆ." ಕಣ್ಣು ತೆರೆಯದೆಯೇ ನಕ್ಕ. "ನಿಮ್ಮದೇನಾ?"

"ಗೊತ್ತಿದ್ದೂ ಕೇಳ್ತೀರಲ್ಲ."

ಆ ಹೊಲಿಗೆಮನೆ ಅವಳ ಜನದ ಹೆಂಗಸರದ್ದು. ಪಟ್ಟಣ ಹುಟ್ಟುವ ಮೊದಲೇ ಈ ಹೊಳೆಯ ದಂಡೆಯಲ್ಲಿದ್ದ ಜನ. ಈಗ ಪಟ್ಟಣದ ಅಂಚಿನ ಒಂದೆರಡು ಓಣಿಗಳಲ್ಲಿ ಉಳಿದಿದ್ದಾರೆ. ಊರು ಬಿಡುವ ಮೊದಲು ಅವನು ಇಲ್ಲಿ ಸರಿಯಾಗಿದ್ದ ಮಿಷನ್ನನ್ನೂ ಬಿಚ್ಚಿ ಕೂರುತ್ತಿದ್ದ. ಅವಳೇನು ಕಡಿಮೆಯೇ? ಒಳ್ಳೆಯ ಸೂಜಿಯನ್ನೇ ಬಗ್ಗಿಸಿಟ್ಟು ಅವನ ದಾರಿ ಕಾಯುತ್ತಿದ್ದಳು. ಅವನು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಆಚೆಗೆ ಅವಳನ್ನು ನೋಡುತ್ತ, "ಇಷ್ಟು ಚೆನ್ನಾಗಿ ತಾನಾಗೇ ಬಗ್ಗಲ್ಲ ರೀ" ಅನ್ನುತ್ತಿದ್ದ. ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಒಂದು ಸಂಜೆ ಮದುವೆಯ ಮಾತೆತ್ತಿದ. ಅವಳು "ಆಗಲ್ಲ" ಎಂದಳು. ಕಾರಣ ಹೇಳಲಿಲ್ಲ.

"ಒಂದು ಕೇಳ್ಲಾ?" ಅವನೀಗ ಎಣ್ಣೆ ಬಿಡುತ್ತ ಕೇಳಿದ. "ಅವತ್ತು ಯಾಕೆ ಬೇಡ ಅಂದ್ರಿ? ಮೀಸೆ ಹಿಡಿಸ್ಲಿಲ್ಲ ಅಂದ್ಕೊಂಡು ಬೋಳಿಸಿಬಿಟ್ಟೆ."

"ಅಯ್ಯೋ, ಇದ್ದಿದ್ರಲ್ಲಿ ಮೀಸೇನೇ ಚೆನ್ನಾಗಿತ್ತು!"

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹೇಳದೆ ಬೇರೆ ದಾರಿ ಇರಲಿಲ್ಲ.

ಅವಳ ಜನದಲ್ಲಿ ಗಂಡು ಹೊರಗಿನವಳನ್ನು ಕರೆತಂದರೆ ಅವಳು ಸೊಸೆ, ಮಕ್ಕಳು ಕುಲದ ಮಕ್ಕಳು. ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳೇ ಹೊರಗಿನವಳು. ಅಕ್ಕ ಹೊರಗಿನ ಮೇಷ್ಟರೊಬ್ಬರನ್ನು ಮದುವೆಯಾಗಿದ್ದಳು. ಅಮ್ಮ ತೀರಿಕೊಂಡ ದಿನ ಓಡೋಡಿ ಬಂದಳು. ಹೆಂಗಸರೆಲ್ಲ ಅಮ್ಮನ ಸುತ್ತ ನೆಲದ ಮೇಲೆ ಕೂತಿದ್ದರು. ಯಾರೂ ಬೈಯಲಿಲ್ಲ. ದೊಡ್ಡಮ್ಮ ಎದ್ದುಹೋಗಿ ಬಾಗಿಲ ಬಳಿ ಒಂದು ಕುರ್ಚಿ ಹಾಕಿ, ಅತಿಥಿಯನ್ನು ಕೇಳುವ ಹಾಗೆ "ನೀರು ತರಲೇ?" ಎಂದು ಕೇಳಿದಳು. ಅಮ್ಮನನ್ನು ಮೀಯಿಸಲು ಎಲ್ಲರ ಕೈಯೂ ಬೇಕಾಯಿತು, ಅಕ್ಕನ ಕೈಯೊಂದು ಬಿಟ್ಟು.

"ಅದಾದ ವಾರದಲ್ಲೇ ನೀವು ಕೇಳಿದ್ರಿ," ಎಂದಳು. "ಬೈದಿದ್ರೆ ತಡ್ಕೊಳ್ತಿದ್ದೆ. ಆ ಮರ್ಯಾದೆ ತಡ್ಕೊಳ್ಳೋ ಶಕ್ತಿ ನನಗಿರ್ಲಿಲ್ಲ."

ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿದ. ಒರೆಸುತ್ತಲೇ ಇದ್ದ.

"ಈಗ?"

"ಈಗ್ಲೂ ನಿಯಮ ಹಾಗೇ ಇದೆ. ನಾನು ಹಾಗಿಲ್ಲ." ದನಿ ತಾನಾಗಿಯೇ ಏರಿತು. "ನಾನು ಈ ಓಣಿ ಬಿಟ್ಟು ಬರಲ್ಲ. ನಾನು ನಮ್ಮಮ್ಮನ ಮಗಳಲ್ಲ ಅನ್ನೋಕೆ ಯಾರಿಗೂ ಬಿಡಲ್ಲ. ನೀವು ಬರ್ತೀರಾ, ಇಲ್ಲಿಗೆ?"

"ಮಿಷನ್ ಕೆಟ್ಟಿದೆ ಅಂದಾಗ್ಲೆಲ್ಲ ಮತ್ತೆಲ್ಲಿಗೆ ಬರ್ತಿದ್ದೆ?"

ಸುತ್ತ ಹೊಲಿಯುತ್ತಿದ್ದ ಹೆಂಗಸರ ಮಿಷನ್‌ಗಳು ಒಂದೊಂದಾಗಿ ನಿಂತವು. ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು. ಓಣಿಯಲ್ಲಿ ಅವಳ ಮಾತು ದಾಟುವವರಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇಷ್ಟು ವರ್ಷ ಮದುವೆ ಆಗ್ಲಿಲ್ವಾ?"

"ಇಲ್ಲಮ್ಮ."

"ಹುಚ್ಚ."

ದೊಡ್ಡಮ್ಮನ ಕಣ್ಣು ಅವಳ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಅವನತ್ತ ಹೊರಳಿತು.

"ಹಲ್ಲು ಕಿರಿತಾ ನಿಂತ್ರೆ ಆಯ್ತಾ? ಆ ಬಟ್ಟೆ ಗಂಟು ಎತ್ತಿ ಒಳಗಿಡು. ಹಾಗೇ ನೆಲಾನೂ ಗುಡಿಸಿಬಿಡು. ಇವಳಂತೂ ಬೆಳಿಗ್ಗೆಯಿಂದ ಗುಡಿಸಿಲ್ಲ."

ಅವನಿಗೆ ಯಾರೂ ಕುರ್ಚಿ ಹಾಕಲಿಲ್ಲ. ಕೈಗೆ ಸಿಕ್ಕ ಬಟ್ಟೆ ಚೂರಿನಿಂದ ಅವಳು ಕಣ್ಣೊರೆಸಿಕೊಂಡಳು. ಅವನಿಗೆ ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ಗಂಟನ್ನು ಹೆಗಲಿಗೇರಿಸಿಕೊಂಡು ಸುತ್ತ ನೋಡಿದ.

"ಪೊರಕೆ ಎಲ್ಲಿದೆ?"

"ಬಾಗಿಲ ಹಿಂದೆ!" ಹೆಂಗಸರೆಲ್ಲ ಒಟ್ಟಿಗೇ ಹೇಳಿದರು.