ಲಿಂಗಮ್ಮತ್ತೆಯ ಬೆರಳು

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ! ಅಂಗನವಾಡಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಅತ್ತ ದಿನದಿಂದಲೂ ಬಿಂದುಶ್ರೀಗೆ ಅದು ಗೊತ್ತು. ಐದನೇ ಕ್ಲಾಸಿಗೆ ಬಂದರೂ ಆ ವಾಸನೆ ಬಂದರೆ ಅವಳ ತೋಳು ತಾನಾಗಿ ಹಿಂದೆ ಸರಿಯುತ್ತದೆ.

ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳ ಜಗಲಿಯಲ್ಲಿ ನೇತ್ರಾವತಿ ಮೇಡಂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಕಾಫಿ ಕೊಯ್ಯುವ ಹೆಂಗಸರ ರಕ್ತ ಪರೀಕ್ಷೆಗೆಂದು ಹಾಸನದಿಂದ ಬಂದವರು. ಒಂದು ಹನಿ ರಕ್ತ ಹಾಕಿದರೆ ಸಾಕು, ಅವರ ಪುಟ್ಟ ಮಿಷನ್ ನಂಬರ್ ತೋರಿಸುತ್ತಿತ್ತು.

"ಮುಂದೆ ಗಂಗಾಮಣಿ. ಯಾರಮ್ಮ?"

"ನಾನೇ ಕಣ್ರೀ," ಎಂದು ಪಕ್ಕದ ಮನೆಯ ಲಿಂಗಮ್ಮತ್ತೆ ಬೆರಳು ಚಾಚಿದಳು.

ಬಿಂದುಶ್ರೀ ಕಣ್ಣರಳಿಸಿದಳು. ಗಂಗಾಮಣಿ ಅಂದರೆ ಅವಳ ಅಮ್ಮ! ಅಮ್ಮ ನೋಡಿದರೆ ಬಾಗಿಲ ಮರೆಯಲ್ಲಿ ನಿಂತಿದ್ದಾಳೆ. ಬಿಂದುಶ್ರೀ ಒಳಗೆ ಓಡಿದಳು.

"ಅಮ್ಮಾ, ನಿನ್ ಹೆಸ್ರು ಕೂಗಿದ್ರೆ ಲಿಂಗಮ್ಮತ್ತೆ..."

"ಸುಮ್ಕಿರು, ನಾನೇ ಕಳ್ಸಿದ್ದು. ರಕ್ತ ಕಮ್ಮಿ ಐತೆ ಅಂತ ರೈಟರಿಗೆ ಗೊತ್ತಾಗ್ಬುಟ್ರೆ, ನಾಳೆಯಿಂದ ಕೊಯ್ಲಿಗೆ ಬರ್ಬೇಡ ಅಂತಾರೆ."

ಹೊರಗೆ ಮೇಡಂ ನಗುತ್ತಿದ್ದರು. "ನಿಮ್ಮ ರಕ್ತ ಚೆನ್ನಾಗಿದೆ ಗಂಗಾಮಣಿ. ನಿಮಗೆ ಮಾತ್ರೆ ಬೇಡ."

"ಮುದ್ದೆ ತಿಂದ ಮೈ ಕಣ್ರೀ!" ಎಂದಳು ಲಿಂಗಮ್ಮತ್ತೆ.

ಮಾತ್ರೆ ಬೇಡ! ನೀರಿನ ಕೊಡ ಹೊತ್ತು ಏರು ಹತ್ತುವಾಗ ಅಮ್ಮ ಉಸಿರು ಸಾಲದೆ ದಾರಿಯಲ್ಲೇ ಕೂತುಬಿಡುತ್ತಾಳೆ. ಬಿಂದುಶ್ರೀಗೆ ತಡೆಯಲಾಗಲಿಲ್ಲ. ಹೋಗಿ ಮೇಡಂ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟಳು.

ಮೇಡಂ ಯಾರನ್ನೂ ಗದರಲಿಲ್ಲ. ಅಷ್ಟರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಪರಮಶಿವಯ್ಯ ಬೈಕಿನಲ್ಲಿ ಬಂದರು.

"ಮೇಡಂ, ಯಾರ್ಯಾರಿಗೆ ರಕ್ತ ಕಮ್ಮಿ ಐತೆ? ಒಂಚೂರು ತೋರ್ಸಿ."

ಬಾಗಿಲ ಮರೆಯಲ್ಲಿ ಬಳೆಗಳ ಸದ್ದು ನಿಂತಿತು. ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು.

"ಅದು ಅವರವರಿಗೆ ಮಾತ್ರ ಸಾರ್. ಬೇರೆ ಯಾರಿಗೂ ತೋರಿಸೋ ಹಾಗಿಲ್ಲ."

"ಎಸ್ಟೇಟ್ ನಮ್ದು ಮೇಡಂ!"

"ರಕ್ತ ಅವರದಲ್ವಾ?"

"ಒಳ್ಳೆ ಕತೆ ಆಯ್ತಲ್ಲ ಮಾರಾಯ," ಎಂದು ಗೊಣಗುತ್ತ ರೈಟರ್ ಬೈಕ್ ತಿರುಗಿಸಿದರು.

ಬೈಕಿನ ಸದ್ದು ದೂರವಾದ ಮೇಲೆ ಅಮ್ಮ ಹೊರಗೆ ಬಂದಳು. ಕಾಫಿ ಹಣ್ಣು ಕೊಯ್ದು ಕಪ್ಪಾಗಿದ್ದ ಬೆರಳನ್ನು ಸೆರಗಿಗೆ ಒರೆಸಿ ಮುಂದೆ ಹಿಡಿದಳು.

"ಮೇಡಮ್ಮಾರೆ, ಗಂಗಾಮಣಿ ನಾನು."

"ಅಯ್ಯೋ, ಹಂಗಾದ್ರೆ ನಾನ್ಯಾರೇ?" ಎಂದಳು ಲಿಂಗಮ್ಮತ್ತೆ. ಜಗಲಿಯೆಲ್ಲ ನಕ್ಕಿತು. ಮೇಡಂ ಕೂಡ.

ಮಿಷನ್ನಿನಲ್ಲಿ ನಂಬರ್ ಮೂಡಿತು. ಮೇಡಂ ಅದನ್ನು ಅಮ್ಮನ ಕಡೆಗೆ ಮಾತ್ರ ತಿರುಗಿಸಿ, ಮೆಲ್ಲಗೆ ಏನೋ ಹೇಳಿ, ಮಾತ್ರೆಗಳನ್ನು ಕೊಟ್ಟರು. ಅಮ್ಮ ತಲೆಯಾಡಿಸಿದಳು. ಬಿಂದುಶ್ರೀ ಕಡೆ ನೋಡದೆ ಒಳಗೆ ಹೋದಳು.

ಬಾಗಿಲ ಮರೆಯಿಂದ ಅಮ್ಮ ಎಲ್ಲ ನೋಡಿರಬೇಕು. ಅಮ್ಮನ ಗುಟ್ಟು ಹೇಳಿದ್ದು ಅವಳೇ ತಾನೆ?

ಒಲೆಯ ಹೊಗೆ ಬಂತು. ಆಮೇಲೆ ರೊಟ್ಟಿ ಬೇಯುವ ಪರಿಮಳ ಬಂತು.

ಅಮ್ಮ ಎರಡು ತಟ್ಟೆ ಹಿಡಿದು ಬಂದಳು. ಬೆಳಗಿನಿಂದ ಏನೂ ತಿನ್ನದ ಮೇಡಂ ಮುಂದೆ ಒಂದನ್ನಿಟ್ಟಳು. ಇನ್ನೊಂದನ್ನು ಬಿಂದುಶ್ರೀ ಕೈಗಿಟ್ಟಳು.

ಅಂಚು ಗರಿಗರಿಯಾದ ಅಕ್ಕಿರೊಟ್ಟಿ. ಬಿಂದುಶ್ರೀಗೆ ಇಷ್ಟವೆಂದು ಅಮ್ಮ ಯಾವಾಗಲೂ ಸುಡುವಂಥದ್ದೇ.