ಪರದೆಯ ಮೇಲೆ ಬಟಾಣಿ

'ಟುಯ್ಂ!'

ಲ್ಯಾಪ್‌ಟಾಪಿನಿಂದ ಏನೋ ಹಾರಿಹೋದಂಥ ಸಣ್ಣ ಸದ್ದು. ಬಟಾಣಿಗೆ ಎಚ್ಚರವಾಯಿತು. ಹೊದಿಕೆಯ ಸಂದಿಯಿಂದ ನೋಡಿದಳು. ಅಮ್ಮ ಮೇಜಿನ ಮುಂದೆ ಕೂತು ಫೋನಿನಲ್ಲಿ ಪಿಸುಗುಡುತ್ತಿದ್ದಳು.

"ಕಳಿಸಿದೀನಿ. ನೋಡಿ ಅರ್ಥ ಮಾಡ್ಕೋ, ಅಷ್ಟೇ. ಇದ್ದ ಹಾಗೇ ಇಳಿಸ್ಕೋಬೇಡ, ದಮ್ಮಯ್ಯ."

ಆ ಕಡೆ ಇದ್ದವನು ಪಾರ್ಸೆಲ್ ಅಣ್ಣನೇ. ಹಗಲೆಲ್ಲ ಮನೆಮನೆಗೆ ಪಾರ್ಸೆಲ್ ಹಂಚಿ, ಸಂಜೆ ಅಮ್ಮನ ಜೊತೆ ಯೂನಿವರ್ಸಿಟಿಯಲ್ಲಿ ಪ್ರೋಗ್ರಾಮಿಂಗ್ ಕಲಿಯುವವನು. ಅಮ್ಮನದೂ ಅದೇ ಪಾಡು. ಹಗಲು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಸಂಜೆ ಕ್ಲಾಸು.

ಬಟಾಣಿಗೆ ಮೈ ಉರಿಯಿತು. ಹೋದ ವಾರ ಗೆಳತಿಗೆ ಲೆಕ್ಕದ ಹೋಂವರ್ಕ್ ತೋರಿಸಿದ್ದಕ್ಕೆ ಇದೇ ಅಮ್ಮ ಎಷ್ಟು ಬೈದಿದ್ದಳು! "ನಿನ್ನ ತಲೆ ನೀನು ಓಡಿಸು. ಅವಳ ತಲೆ ಅವಳು ಓಡಿಸ್ಲಿ!"

ಅಮ್ಮ ಕಳಿಸಿದ್ದು ತನ್ನ ಕ್ಲಾಸಿನ ಹೋಂವರ್ಕನ್ನೇ. ಅದು ಯಾವ ಪ್ರೋಗ್ರಾಮ್ ಎಂಬುದೂ ಬಟಾಣಿಗೆ ಗೊತ್ತಿತ್ತು. ಅಮ್ಮ ಅದರ ಜೊತೆ ದಿನಗಟ್ಟಲೆ ಗುದ್ದಾಡಿದ್ದಳು. ರನ್ ಮಾಡಿದರೆ ಸಾಕು, ಪರದೆಯ ಮೇಲೆ ಅಂಕಿಗಳು ದಬದಬ ಸುರಿಯುತ್ತಿದ್ದವು.

"ನಿಲ್ಲೋದೇ ಇಲ್ಲ ಕಣೇ ಇದು, ನಿನ್ನ ಬಾಯಿ ಥರ," ಎಂದಿದ್ದಳು ಅಮ್ಮ. ಕೊನೆಗೂ ತಪ್ಪು ಸಿಕ್ಕಿತ್ತು. ಪ್ರತಿ ಸುತ್ತಿಗೂ ಎಣಿಕೆಗೆ ಒಂದು ಕೂಡಿಸುವುದು ಮರೆತುಹೋಗಿತ್ತು. "ಈ ಎಣಿಕೆಗೆ ಎಲ್ರೂ ಕೌಂಟ್ ಅಂತ ಹೆಸರಿಡ್ತಾರೆ. ನಾನು ಬಟಾಣಿ ಅಂತ ಇಟ್ಟಿದೀನಿ. ನೀನೂ ಬೆಳೀತಾನೇ ಇದೀಯಲ್ಲ!"

ಮರುದಿನ ಅಜ್ಜಿಗೆ ಜ್ವರ. ಹಾಗಾಗಿ ಸಂಜೆ ಅಮ್ಮ ಬಟಾಣಿಯನ್ನೂ ಯೂನಿವರ್ಸಿಟಿಗೆ ಕರೆದುಕೊಂಡು ಹೋದಳು.

ಲ್ಯಾಬಿನಲ್ಲಿ ಎಸಿ ಗುಂಯ್ ಎನ್ನುತ್ತಿತ್ತು. ಮೇಡಂ ಒಂದೊಂದೇ ಕಂಪ್ಯೂಟರಿನ ಹತ್ತಿರ ನಿಂತು ನೋಡುತ್ತಾ ಬಂದರು. "ಮೊದಲೇ ಹೇಳಿದೀನಿ. ಇಬ್ಬರದು ಒಂದೇ ಥರ ಇದ್ರೆ ಕೊಟ್ಟೋರು, ತಗೊಂಡೋರು ಇಬ್ರೂ ಕೋರ್ಸಿಂದ ಹೊರಗೆ. ಆಮೇಲೆ ಅತ್ರೆ ನಾನು ಕೇಳಲ್ಲ."

ಅಮ್ಮ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಅಮ್ಮನ ಸರದಿ ಬಂತು. ಮೇಡಂ ಬಗ್ಗಿ ನೋಡಿ ನಕ್ಕರು. "ಬಟಾಣೀನಾ? ಇದ್ಯಾವ ಹೆಸರಮ್ಮಾ?"

"ಇವಳೇ ಮೇಡಂ. ನನ್ನ ಮಗಳು."

"ಚೆನ್ನಾಗಿದೆ. ಇಂಥ ಹೆಸರು ನಾನೆಲ್ಲೂ ನೋಡಿಲ್ಲ ಬಿಡಿ!" ಎನ್ನುತ್ತಾ ಮೇಡಂ ಮುಂದೆ ಹೋದರು.

ಬಟಾಣಿ ಸುಮ್ಮನೆ, ಹಿಂದೆ ಆಚೆ ಗೋಡೆಗೆ ಮುಖ ಮಾಡಿದ್ದ ಸಾಲಿನತ್ತ ಕತ್ತು ಹೊರಳಿಸಿದಳು. ಅಲ್ಲಿ ಪಾರ್ಸೆಲ್ ಅಣ್ಣ ಕಂಪನಿಯ ಜಾಕೆಟ್ಟನ್ನೂ ಬಿಚ್ಚದೆ ಕೂತಿದ್ದ. ಅವನ ಪರದೆಯ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ಅವಳದೇ ಹೆಸರು! ಒಂದು ಕಡೆಯಲ್ಲ, ಅಲ್ಲಲ್ಲಿ.

ಮೇಡಂ ಆ ಸಾಲಿಗೆ ತಿರುಗುವುದರಲ್ಲಿದ್ದರು. ಅಮ್ಮ ಬೆನ್ನು ಹಾಕಿ ಕೂತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಕೋರ್ಸಿಂದ ಹೊರಗೆ ಹಾಕಿದರೆ? ಬಟಾಣಿ ಮೆಲ್ಲನೆ ಎದ್ದು ಅವನ ಪಕ್ಕಕ್ಕೆ ಹೋದಳು.

"ಅಣ್ಣಾ," ಎಂದು ಕಿವಿಯ ಹತ್ತಿರ ಬಾಯಿ ತಂದಳು. "ಬಟಾಣಿ ಅಂದ್ರೆ ನಾನು."

"ಹಾಂ?"

"ಅದು ನನ್ನ ಹೆಸರು. ಅಮ್ಮ ಇಟ್ಟಿದ್ದು. ಮೇಡಂ ಈಗಷ್ಟೇ ನೋಡಿದ್ರು."

ನಿದ್ದೆಗೆಟ್ಟ ಅವನ ಕೆಂಪು ಕಣ್ಣುಗಳು ಅಗಲವಾದವು. "ಅಯ್ಯೋ! ಉಳಿದ ಹೆಸರೆಲ್ಲ ಬದಲಾಯಿಸಿದೆ. ಅದು ಕಂಪ್ಯೂಟರ್‌ದೇ ಪದ, ಮುಟ್ಟಿದ್ರೆ ಕೆಟ್ಟೋಗುತ್ತೆ ಅನ್ಕೊಂಡು ಬಿಟ್ಟೆ!"

ಬಟಾಣಿಗೆ ನಗುವೂ ಬಂತು, ಅಳುವೂ ಬಂತು. "ಈಗ ಬದಲಾಯಿಸಿ. ಬೇಗ!"

ಅವನು ಕೀಬೋರ್ಡಿನ ಮೇಲೆ ಕೈ ಇಟ್ಟ. ಆದರೆ ಹಾಗೇ ತಡೆದ. ತಿರುಗಿ ಈಚೆ ಸಾಲಿನಲ್ಲಿ ಅಮ್ಮನ ಬಗ್ಗಿದ ಬೆನ್ನನ್ನು ನೋಡಿದ.

"ಹೆಸರು ಯಾವುದು, ಕಂಪ್ಯೂಟರ್ ಪದ ಯಾವುದು ಅನ್ನೋದೇ ಗೊತ್ತಾಗಿಲ್ಲ ನಂಗೆ. ಮೇಡಂ ಕೇಳಿದ್ರೆ ಏನಂತ ಹೇಳ್ಲಿ ಪುಟ್ಟಾ?"

ಅವನು ಏನೋ ಒತ್ತಿದ. ಪರದೆಯ ಮೇಲಿದ್ದ ಸಾಲುಗಳೆಲ್ಲ ಒಮ್ಮೆಗೇ ಮಾಯವಾದವು.

"ಎಲ್ಲಿ, ನಿಮ್ದು?" ಮೇಡಂ ಬಂದೇಬಿಟ್ಟರು.

"ಆಗಿಲ್ಲ ಮೇಡಂ."

"ಏನೂ ಇಲ್ವಾ? ಸೊನ್ನೆ ಹಾಕ್ಬೇಕಾಗುತ್ತೆ."

"ಹಾಕಿ ಮೇಡಂ. ಮುಂದಿನ ಸಲ ಬರೀತೀನಿ."

ಅಮ್ಮ ಗಕ್ಕನೆ ಹಿಂತಿರುಗಿ ನೋಡಿದಳು.

ಬಸ್ಸಿನಲ್ಲಿ ಅಮ್ಮನದು ಒಂದೇ ಕೆಲಸ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

"ಅವನ ಹತ್ರ ಹೋಗಿದ್ಯಲ್ಲ," ಎಂದಳು ಆಮೇಲೆ, ಕಿಟಕಿಯ ಆಚೆ ನೋಡುತ್ತಾ. "ಏನಂದ?"

'ನಂಗೆ ಮಾತ್ರ ಬೈತೀಯ, ನೀನು ಮಾಡಿದ್ದೇನು?' ರಾತ್ರಿಯಿಂದ ಕಾದಿದ್ದ ಮಾತು ಬಟಾಣಿಯ ನಾಲಿಗೆಯ ತುದಿಗೇ ಬಂತು. ಅಷ್ಟರಲ್ಲಿ ಅಮ್ಮನ ಬೆರಳುಗಳು ಕಂಡವು. ಉಗುರೆಲ್ಲ ಕಚ್ಚಿ ಕಚ್ಚಿ ಮೊಂಡಾಗಿದ್ದವು. ತಾನು ಪರೀಕ್ಷೆಯ ಹಿಂದಿನ ದಿನ ಕಚ್ಚುವ ಹಾಗೆಯೇ.

ಅಮ್ಮಂದಿರಿಗೂ ಇಷ್ಟೊಂದು ಭಯವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಅವರ ಕುರ್ಚಿ ಗಿರಗಿರ ತಿರುಗುತ್ತಾ ಅಂತ ಕೇಳ್ದೆ. ತಿರುಗುತ್ತೆ ಅಂದ್ರು."

ಅಮ್ಮ ಉಸಿರು ಬಿಟ್ಟು ನಕ್ಕಳು. "ಇಷ್ಟಕ್ಕೆ ಅಷ್ಟು ದೂರ ಎದ್ದು ಹೋದ್ಯಾ, ತಲೆಹರಟೆ!"

ಲ್ಯಾಬಿನಲ್ಲಿ ಆದದ್ದನ್ನು ಅಜ್ಜಿಗೂ ಇಲ್ಲ, ಗೆಳತಿಗೂ ಇಲ್ಲ, ಅಮ್ಮನಿಗಂತೂ ಹೇಳುವುದೇ ಇಲ್ಲ ಎಂದುಕೊಂಡು ಬಟಾಣಿ ಅಮ್ಮನ ಬೆರಳಿನಿಂದ ಪಟ್ಟಿಯನ್ನು ಬಿಡಿಸಿ, ಬ್ಯಾಗನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.